ಆಟ ಜಾಸ್ತಿ, ಕೆಲಸ ಕಮ್ಮಿ

10 ಜುಲೈ 2024, ಬುಧವಾರ, ರಾತ್ರಿ 11 ಗಂಟೆ

ಯೂರೋ ಫುಟ್‌ಬಾಲ್ ಸೆಮಿಫೈನಲ್ ಇರುವುದು ಹನ್ನೆರಡೂವರೆಗೆ. ಇಂಗ್ಲೆಂಡ್–ನೆದರ್ಲೆಂಡ್ಸ್. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಸುಮ್ನೆ ಕೂತರೆ ನಿದ್ದೆ ಬರುತ್ತದೆ, ಅದಕ್ಕೇ ಫುಟ್‌ಬಾಲ್ ಆಟಗಾರ ಡೊನಾಲ್ಡ್ ಬೆಲ್ ಬಗ್ಗೆ ಬರೆದಿಡುತ್ತೇನೆ. ಅವನು ಸತ್ತದ್ದು ಇದೇ ಜುಲೈ 10ಕ್ಕೆ, 1916ರಲ್ಲಿ.

ಯಾರ್ಕ್‌ಷೈರಿನ ಹ್ಯಾರೊಗೇಟ್‌ನವನು. ಸ್ಕೂಲ್ ಮೇಷ್ಟ್ರು. ಸಂಬಳ ಸಾಲದು ಅಂತ ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ ಕ್ಲಬ್ಬಿಗೆ ದುಡ್ಡಿಗೆ ಆಡುತ್ತಿದ್ದ. ಡಿಫೆಂಡರ್. ಆರಡಿ ಆಳು, ಆದರೂ ಓಟದಲ್ಲಿ ಚುರುಕು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಕ್ಲಬ್ಬಿಗೆ ಹೇಳಿ ಬಿಡಿಸಿಕೊಂಡು ಸಾದಾ ಸಿಪಾಯಿಯಾಗಿ ಸೇರಿದ, ಆಮೇಲೆ ಅಧಿಕಾರಿಯಾದ. 1916ರ ಜೂನ್ 5ಕ್ಕೆ ರೋಡಾ ಜೊತೆ ಮದುವೆ. ಸರಿಯಾಗಿ ಒಂದು ತಿಂಗಳಿಗೆ ಫ್ರಾನ್ಸಿನ ಸೊಮ್ ರಣರಂಗದಲ್ಲಿದ್ದ.

ಜುಲೈ 5ರಂದು ಜರ್ಮನ್ನರ ಒಂದು ಮೆಷಿನ್‌ಗನ್ ಇವನ ಕಡೆಯವರನ್ನು ಸಾಲುಸಾಲಾಗಿ ಬೀಳಿಸುತ್ತಿತ್ತು. ಬೆಲ್ ಇಬ್ಬರನ್ನು ಕರೆದುಕೊಂಡು ಕಂದಕದೊಳಗೆ ತೆವಳಿದ. ಆಮೇಲೆ ಎದ್ದು ಬಯಲಲ್ಲೇ ಓಡಿದ. ಗನ್ ಹಿಡಿದವನಿಗೆ ರಿವಾಲ್ವರ್‌ನಿಂದ ಗುಂಡು, ಉಳಿದವರಿಗೆ ಕೈಬಾಂಬು.

ಎರಡು ದಿನ ಬಿಟ್ಟು ಅಮ್ಮನಿಗೆ ಕಾಗದ ಬರೆದ. ನನಗೆ ಇಷ್ಟವಾಗುವುದು ಆ ಕಾಗದವೇ. ನಾನೇನೂ ಮಾಡಲಿಲ್ಲ, ಒಂದೇ ಒಂದು ಬಾಂಬು ಎಸೆದೆ, ಅದೃಷ್ಟಕ್ಕೆ ಬಿತ್ತು ಅನ್ನುತ್ತಾನೆ. ತೆವಳಿ ತೆವಳಿ ಮೊಣಕೈ, ಮೊಣಕಾಲು ನೋಯುತ್ತಿದೆಯಂತೆ. ಅಪ್ಪನ ಮಾತೂ ಬರುತ್ತದೆ. ಆಟ ಜಾಸ್ತಿಯಾಯಿತು, ಕೆಲಸ ಕಮ್ಮಿಯಾಯಿತು ಅಂತ ಅಪ್ಪ ಯಾವಾಗಲೂ ಗೊಣಗುತ್ತಿದ್ದರಲ್ಲ, ಈ ಸಲ ಆ ಆಟವೇ ಉಪಯೋಗಕ್ಕೆ ಬಂತು ಅಂತ! ಅಪ್ಪಂದಿರು ಎಲ್ಲಾ ಕಡೆ ಒಂದೇ, ಅಲ್ವಾ?

ಜುಲೈ 10ಕ್ಕೆ ಕಾಂತಲ್‌ಮೇಝೋ ಊರಿನ ಹತ್ತಿರ ಮತ್ತೆ ಅದೇ ಥರ ಬಾಂಬು ಹಿಡಿದು ನುಗ್ಗಿದ. ಈ ಸಲ ವಾಪಸ್ ಬರಲಿಲ್ಲ. ವಯಸ್ಸು 25.

ಜುಲೈ 5ರ ಕೆಲಸಕ್ಕೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರರಲ್ಲಿ ಆ ಯುದ್ಧದಲ್ಲಿ ಅದು ಸಿಕ್ಕಿದ್ದು ಇವನೊಬ್ಬನಿಗೇ. 2010ರಲ್ಲಿ ಪದಕ ಹರಾಜಿಗೆ ಬಂದಾಗ ಆಟಗಾರರ ಸಂಘ 2 ಲಕ್ಷ ಪೌಂಡ್‌ಗಿಂತ ಜಾಸ್ತಿ ಕೊಟ್ಟು ಕೊಂಡುಕೊಂಡಿತು. ಮೇಷ್ಟ್ರ ಸಂಬಳ ಸಾಲದೆ ಬೂಟು ಕಟ್ಟಿದವನ ಪದಕ.

ಅದನ್ನು ಮೊದಲು ಕೈಗೆ ತೆಗೆದುಕೊಂಡವಳು ರೋಡಾ. 1916ರ ಡಿಸೆಂಬರಿನಲ್ಲಿ ರಾಜ ಐದನೇ ಜಾರ್ಜ್ ಕೊಟ್ಟ. ಅವರ ಸಂಸಾರ ಐದು ವಾರದ್ದು, ಅದರಲ್ಲೂ ಜೊತೆಗಿದ್ದದ್ದು ಎಷ್ಟು ದಿನವೋ. ಅವಳು ಮತ್ತೆ ಮದುವೆಯಾಗಲಿಲ್ಲ.