ಲಿಸ್ಬನ್ ಗೋಡೆಯೊಳಗಿನ ಮರ

ನಮ್ಮಪ್ಪ ಬಡಗಿ. ಮಂಗಳೂರಿನ ಬೋಳಾರದ ಕಡೆ ಹಳೇ ಹಂಚಿನ ಮನೆಗಳ ಪಕ್ಕಾಸು, ರೀಪು ರಿಪೇರಿ ಮಾಡ್ತಾರೆ. ಕಿಟಕಿಗೆ ಇವತ್ತಿಗೂ ಜನೇಲು ಅನ್ನುತ್ತಾರೆ, ಬೀಗದ ಕೈಗೆ ಚಾವಿ. ಎರಡೂ ಪೋರ್ಚುಗೀಸರಿಂದ ಬಂದ ಮಾತು ಅಂತ ಗೊತ್ತಾದ ಮೇಲೆ ನನಗೆ ಲಿಸ್ಬನ್ ಹುಚ್ಚು ಹಿಡಿಯಿತು.

ಉಳ್ಳಾಲದ ಅಬ್ಬಕ್ಕನ ಮೇಲೆ ದಂಡೆತ್ತಿ ಬಂದ ಪೋರ್ಚುಗೀಸರ ರಾಜಧಾನಿ ಅದು. ಆ ಸಿಟ್ಟು ನನಗೂ ಉಂಟು. ಆದರೂ ಆ ಊರಿನ ಕಥೆ ಬಿಡಲು ಮನಸ್ಸಾಗುವುದಿಲ್ಲ. ಮೊದಲು ರೋಮನ್ನರು ಆಳಿದರು, ಆಮೇಲೆ ಅರಬರು. 1147ರಲ್ಲಿ ಪೋರ್ಚುಗಲ್ಲಿನ ಮೊದಲ ರಾಜ ಅಫೊನ್ಸೊ ಎನ್ರಿಕೆಸ್ ಅರಬರಿಂದ ಊರನ್ನು ಗೆದ್ದುಕೊಂಡ. ಅಲ್ಫಾಮ ಅನ್ನುವ ಹಳೇ ಕೇರಿಯ ಹೆಸರು ಮಾತ್ರ ಇನ್ನೂ ಅರಬ್ಬಿಯೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ ಮೇಲೆ ನಮ್ಮ ಕಡೆಯ ಕಾಳುಮೆಣಸು ಲಿಸ್ಬನ್ನಿನ ತೇಜೋ ನದಿಯ ದಡದಲ್ಲಿ ಇಳಿಯತೊಡಗಿತು. ರಾಜ ಮ್ಯಾನುಯೆಲ್ ಗುಡ್ಡದ ಕೋಟೆ ಬಿಟ್ಟು ಆ ದಡದಲ್ಲೇ ಅರಮನೆ ಕಟ್ಟಿಸಿದ.

1755ರ ನವೆಂಬರ್ 1. ಸಕಲ ಸಂತರ ಹಬ್ಬ. ಬೆಳಿಗ್ಗೆ ಸುಮಾರು 9.40. ಇಗರ್ಜಿಗಳ ತುಂಬ ಜನ, ಉರಿಯುವ ಮೇಣದ ಬತ್ತಿಗಳು. ಆಗ ಭೂಮಿ ನಡುಗಿತು. ಬದುಕಿ ಉಳಿದವರು ಬಯಲು ಸಿಗಲಿ ಅಂತ ನದಿ ಕಡೆ ಓಡಿದರು. ಅಲ್ಲಿ ನೀರು ಹಿಂದೆ ಸರಿದು, ಮತ್ತೆ ಅಲೆಯಾಗಿ ನುಗ್ಗಿತು. ಅರಮನೆ ಹೋಯಿತು, ಅದರೊಳಗಿನ ಪುಸ್ತಕಗಳೂ ಹೋದವು. ಬೆಂಕಿ ದಿನಗಟ್ಟಲೆ ಉರಿಯಿತು. ಕಡಲ ಬದಿಯಲ್ಲೇ ಬೆಳೆದವಳು ನಾನು, ನದಿ ಕಡೆ ಓಡಿದ ಆ ಜನರನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಂತ್ರಿ ಪೊಂಬಾಲ್ ಊರೂರಿನ ಪಾದ್ರಿಗಳಿಗೆ ಪ್ರಶ್ನೆ ಕಳಿಸಿದ. ನಡುಕ ಎಷ್ಟು ಹೊತ್ತು ಇತ್ತು? ಸಮುದ್ರ ಮೊದಲು ಏರಿತೋ, ಇಳಿಯಿತೋ? ಆ ಕಾಲದಲ್ಲಿ ಹಾಗೆ ಕೇಳಿದ್ದು ದೊಡ್ಡ ವಿಷಯ ಅಲ್ವಾ? ಕೆಳಗಿನ ಪೇಟೆಯನ್ನು ನೇರ ಬೀದಿಗಳಲ್ಲಿ ಹೊಸದಾಗಿ ಕಟ್ಟಿದರು. ಪ್ರತಿ ಮನೆಯ ಗೋಡೆಯೊಳಗೆ ಮರದ ಚೌಕಟ್ಟು, ಅದರಲ್ಲಿ ಗುಣಾಕಾರದ ಗುರುತಿನ ಹಾಗೆ ಅಡ್ಡಪಟ್ಟಿಗಳು, ಸಂದಿಯಲ್ಲಿ ಕಲ್ಲು, ಗಾರೆ. ಭೂಮಿ ಅಲುಗಿದರೆ ಮರ ಸ್ವಲ್ಪ ಬಾಗುತ್ತದೆ, ಮನೆ ನಿಲ್ಲುತ್ತದೆ. ಇದರ ಹೆಸರು 'ಗಾಯೋಲ', ಅಂದರೆ ಪಂಜರ. ಮಾದರಿ ಮನೆಯ ಸುತ್ತ ಸೈನಿಕರನ್ನು ಕಾಲು ಅಪ್ಪಳಿಸಿ ನಡೆಸಿ ಪರೀಕ್ಷೆ ಮಾಡಿದರಂತೆ.

ಮೊನ್ನೆ ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಮೊಬೈಲಿನಲ್ಲಿ ಗಾರೆ ಕಿತ್ತ ಒಂದು ಗೋಡೆಯ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡರು. ಎರಡು ಪಟ್ಟಿ ಸೇರುವ ಜಾಗವನ್ನು ಬೆರಳಲ್ಲಿ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರು.

"ಅರ್ಧರ್ಧ ಕೊರೆದು ಒಂದರೊಳಗೆ ಒಂದು ಕೂರಿಸಿದ್ದಾರೆ ನೋಡು. ಮರ ಯಾವುದು?"

"ಓಕ್, ಪೈನ್."

"ಹಲಸಿನಲ್ಲೂ ಆಗ್ತದೆ," ಅಂದರು. ಆಮೇಲೆ, "ಇನ್ನೊಂದು ಫೋಟೋ ಉಂಟಾ?"