ಸೊಂಟ ನೋವಿಗೆ ಸೈಕಾಲಜಿಸ್ಟಾ?
ಸೊಂಟ ನೋವು ಶುರುವಾಗಿ 4 ವರ್ಷ. ಎಂಆರ್‌ಐ, ಫಿಸಿಯೋ, ಎಣ್ಣೆ, ಬೆಲ್ಟು ಎಲ್ಲಾ ಆಯ್ತು. ಕೊನೆಗೆ ಮೂಳೆ ಡಾಕ್ಟರು "ಸೈಕಾಲಜಿಸ್ಟ್ ಹತ್ರ ಹೋಗಿ" ಅಂದಾಗ ಸಿಟ್ಟು ಬಂತು, ನಾನೇನು ನಾಟಕ ಮಾಡ್ತಿದ್ದೀನಾ ಅಂತ.

ಮೊದಲು ಸಿಕ್ಕವರು ಬರೀ ಪಾಸಿಟಿವ್ ಆಗಿ ಯೋಚಿಸಿ ಅನ್ನುತ್ತಿದ್ದರು, ಎರಡೇ ಸಲಕ್ಕೆ ಬಿಟ್ಟೆ. ಆಮೇಲೆ ಬುದ್ಧಿ ಬಂತು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ, ಇಂಥ ನೋವಿನವರನ್ನು ನೋಡಿದ್ದೀರಾ ಅಂತ ಮೊದಲೇ ಕೇಳಬೇಕು. ಈಗಿನವರದು ಸಿಬಿಟಿ, ಅಂದರೆ ಯೋಚನೆ, ಅಭ್ಯಾಸ ಬದಲಿಸಿಕೊಳ್ಳೋಕೆ ಕಲಿಸುವ ಮಾತಿನ ಚಿಕಿತ್ಸೆ, ಅದೂ ಕನ್ನಡದಲ್ಲೇ. ಚಳುಕು, ಸೆಳೆತ, ಜೋಮು ಇದನ್ನೆಲ್ಲ ಇಂಗ್ಲಿಷಲ್ಲಿ ಹೇಗೆ ಹೇಳೋದು, ಅಲ್ವಾ?

ಮೊದಲೆಲ್ಲ ನೋವು ಕಮ್ಮಿ ಇದ್ದ ದಿನ ಇಡೀ ಮನೆ ಒರೆಸಿ, ಆಮೇಲೆ ಮೂರು ದಿನ ಮಲಗಿಬಿಡುತ್ತಿದ್ದೆ. ಈಗ ಅವರು ಹೇಳಿಕೊಟ್ಟ ಹಾಗೆ 20 ನಿಮಿಷ ಕೆಲಸ, ಆಮೇಲೆ ಸುಮ್ನೆ ಕೂರೋದು, ನೋವು ಇರಲಿ ಬಿಡಲಿ. ನೋವು ಹೋಗಿಲ್ಲ. ಆದರೆ ಹೋದ ವಾರ ಬಸ್ಸಲ್ಲಿ ತುಮಕೂರಿಗೆ ಹೋಗಿ ಬಂದೆ.