ಕಡ್ಡಿ ಕಟ್ಟಿ, ಕಟ್ಟು ಬಿಚ್ಚಿ: ಜಗಲಿಯ ಲೆಕ್ಕ, ನಾಲ್ಕು ಭಾನುವಾರ

ನಮ್ಮ ಬೀದಿಯ ಆರು ಮಕ್ಕಳು ಭಾನುವಾರ ಬೆಳಿಗ್ಗೆ ನಮ್ಮ ಜಗಲಿಗೆ ಬರುತ್ತಾರೆ. ಎಲ್ಲರೂ ಮೂರನೇ ಕ್ಲಾಸು. ಮೊದಲ ದಿನ 52ರಲ್ಲಿ 27 ಕಳೆಯಿರಿ ಎಂದೆ. ನಾಲ್ಕು ಸ್ಲೇಟಿನಲ್ಲಿ 35 ಬಂತು. ಎರಡರಲ್ಲಿ ಏಳು ಹೋಗುವುದಿಲ್ಲ ಅಂತ ಏಳರಲ್ಲೇ ಎರಡು ಕಳೆದುಬಿಟ್ಟಿದ್ದರು. ‘ಪಕ್ಕದ ಮನೆಯಿಂದ ಸಾಲ ತಗೋಬೇಕು’ ಅನ್ನೋದು ಬಾಯಿಪಾಠವಾಗಿತ್ತು. ಏನು ಸಾಲ, ಯಾಕೆ ಸಾಲ, ಗೊತ್ತಿರಲಿಲ್ಲ.

ಅವತ್ತೇ ತೆಂಗಿನ ಪೊರಕೆ ಬಿಚ್ಚಿ ಬೆರಳುದ್ದದ ಕಡ್ಡಿ ಕತ್ತರಿಸಲು ಕೂತೆವು. ಇಬ್ಬರಿಗೆ 120ರಂತೆ ಒಟ್ಟು 360. ಹತ್ತು ಹತ್ತು ಕಡ್ಡಿ ಸೇರಿಸಿ ಕಟ್ಟಲು ಇಟ್ಟಿದ್ದ ರಬ್ಬರ್ ಬ್ಯಾಂಡುಗಳು ಸಂಜೆಯೊಳಗೆ ಕಿತ್ತುಹೋದವು. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬು ತಂದು ಸಣ್ಣ ಬಳೆಗಳ ಹಾಗೆ ಕತ್ತರಿಸಿದೆ. ಇವತ್ತಿಗೂ ಅವೇ ನಡೆಯುತ್ತಿವೆ.

ಎರಡನೇ ವಾರ ಒಂದು ತಪ್ಪು ಮಾಡಿದೆ. ಹತ್ತರ ಕಟ್ಟುಗಳನ್ನು ನಾನೇ ಕಟ್ಟಿಟ್ಟಿದ್ದೆ. ಒಬ್ಬ ಹುಡುಗಿ ಪ್ರತಿ ಸಲ ಕಟ್ಟು ಕೈಗೆತ್ತಿಕೊಂಡು ಒಳಗಿನ ಕಡ್ಡಿ ಎಣಿಸುತ್ತಿದ್ದಳು. ಅವಳಿಗೆ ಅದು ‘ಒಂದು ಹತ್ತು’ ಆಗಿರಲೇ ಇಲ್ಲ. ಎಲ್ಲಾ ಬಿಚ್ಚಿ ಅವರ ಕೈಯಲ್ಲೇ ಕಟ್ಟಿಸಿದೆ. ಆಮೇಲೆ ಅವಳು ಎಣಿಸಲಿಲ್ಲ.

ಅದಾದ ಮೇಲೆ ಅವಳಿಗೆ ಮತ್ತೆ 52ರಲ್ಲಿ 27. ಐದು ಕಟ್ಟು, ಎರಡು ಬಿಡಿ. ಏಳು ಕಡ್ಡಿ ಕೊಡು ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಸುಮ್ನೆ ಒಂದು ಕಟ್ಟಿನ ರಬ್ಬರು ಎಳೆದಳು. ಈಗ 12 ಬಿಡಿ, ನಾಲ್ಕು ಕಟ್ಟು. ಏಳು ಕೊಟ್ಟಳು, ಎರಡು ಕಟ್ಟು ಕೊಟ್ಟಳು, ಉಳಿದದ್ದು 25. ನಾನು ‘ಸಾಲ’ ಅನ್ನುವ ಮಾತು ಬಿಟ್ಟದ್ದು ಅವತ್ತೇ. ಸಾಲ ತಂದರೆ ತೀರಿಸಬೇಕು ಅಲ್ವಾ? ಇಲ್ಲಿ ಯಾರೂ ತೀರಿಸುವುದಿಲ್ಲ. ತನ್ನದೇ ಕಟ್ಟು ಬಿಚ್ಚುತ್ತಾಳೆ, ಅಷ್ಟೇ. ಈಗ ನಮ್ಮಲ್ಲಿ ‘ಬಿಚ್ಚು’ ಅಂತಲೇ ಹೇಳುತ್ತೇವೆ.

ಮೂರನೇ ವಾರ ಮಳೆ, ಇಬ್ಬರೇ ಬಂದರು. ಹುಣಸೆ ಬೀಜ ಸರಿಸಮ ಸಾಲು ಹಚ್ಚಿದೆವು. 12 ಬೀಜ ಎರಡು ಸಾಲಿಗೂ ಕೂರುತ್ತದೆ, ಮೂರು ಸಾಲಿಗೂ ಕೂರುತ್ತದೆ. 13 ಮಾತ್ರ ಒಂದೇ ಉದ್ದ ಸಾಲು. ಇದನ್ನು ಇನ್ನೊಮ್ಮೆ ನಿಧಾನವಾಗಿ ಮಾಡಬೇಕು.

ನಿನ್ನೆ 102ರಲ್ಲಿ 47. ನೂರು ಅಂದರೆ ಹತ್ತು ಕಟ್ಟು ಸೇರಿಸಿ ದಾರ ಸುತ್ತಿದ ದೊಡ್ಡ ಕಟ್ಟು. ಪಕ್ಕದಲ್ಲಿ ಎರಡು ಬಿಡಿ, ನಡುವೆ ಖಾಲಿ. ಒಬ್ಬ ಹುಡುಗ ದೊಡ್ಡ ಕಟ್ಟನ್ನೇ ಬಿಚ್ಚಿ ನೂರು ಕಡ್ಡಿಯನ್ನೂ ಚೆಲ್ಲಲು ಹೊರಟ. ಜೊತೆಯವಳು ಕೈ ತಡೆದಳು: ‘ದಾರ ಮಾತ್ರ ಬಿಚ್ಚೋ!’ ಹತ್ತು ಕಟ್ಟು ಉರುಳಿದವು. ಅದರಲ್ಲಿ ಒಂದನ್ನು ಬಿಚ್ಚಿದರು. ಬಿಡಿ 12, ಕಟ್ಟು ಒಂಬತ್ತು. ಸೊನ್ನೆಯ ತಲೆಯ ಮೇಲೆ 9 ಬರೆಯುವುದು ಯಾಕೆ ಅಂತ ನಾನು ಹೇಳಬೇಕಾಗಿಯೇ ಬರಲಿಲ್ಲ. ಒಂಬತ್ತು ಕಟ್ಟು ಕಣ್ಣೆದುರೇ ಇದ್ದವು. ಮೂರೂ ಜೋಡಿಗೆ 55 ಬಂತು. ನನಗಾದ ಖುಷಿ ಇಷ್ಟೆಂದು ಹೇಳಲಾರೆ.

ಚೆನ್ನೆಮಣೆ ತರುವ ಆಸೆಯೂ ಇದೆ. ನಮ್ಮ ಕರಾವಳಿ ಕಡೆ 14 ಗುಳಿ, ಗುಳಿಗೆ ನಾಲ್ಕು ಬೀಜ, ಒಟ್ಟು 56. ನಾಲ್ಕರ ಮಗ್ಗಿಗೆ ಅದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಆದರೆ ಅದಕ್ಕೂ ಮೊದಲು 200ರಲ್ಲಿ 1 ಕಳೆಯಬೇಕು ಅಂತ ಮಕ್ಕಳೇ ಕೇಳಿದ್ದಾರೆ. ಮೂರು ಜೋಡಿಗೂ ಆಗಬೇಕಾದರೆ ಇನ್ನೂ 240 ಕಡ್ಡಿ ಬೇಕು. ಶನಿವಾರ ಸಂಜೆ ಕತ್ತರಿ ಹಿಡಿದು ಕೂರುತ್ತೇನೆ.